ಪಟ್ಟಿ ಸಾಹೇಬರು

ನಾನು ಕಸ ಗುಡಿಸುವ ಕಚೇರಿಯಲ್ಲಿ ಒಬ್ಬ ಪಟ್ಟಿ ಸಾಹೇಬರಿದ್ದಾರೆ. ಸರ್ಕಾರಿ ಶಾಲೆಯ ಯಾವ ತರಗತಿಗೆ ಏನು ಕಲಿಸಬೇಕೆಂಬ ಪಟ್ಟಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡುವುದು ಅವರ ಕೆಲಸ. ಮುಖಪುಟದ ಇಸವಿಯೊಂದನ್ನೇ ಬದಲಿಸುತ್ತಾರೆಂದು ನನ್ನ ಗುಮಾನಿ. ಹತ್ತಿರ ಹೋದರೆ ಪರೀಕ್ಷೆಗೆ ಕೂತ ಹುಡುಗನಂತೆ ಮೊಣಕೈಯಿಂದ ಕಾಗದ ಮುಚ್ಚುತ್ತಾರೆ. ಯಾರು ಏನು ಕೇಳಿದರೂ "ಪರಿಶೀಲನೆಯಲ್ಲಿದೆ" ಎನ್ನುತ್ತಾರೆ. "ಟೀ ಕುಡೀತೀರಾ ಸಾರ್?" ಎಂದರೂ ಅದೇ ಉತ್ತರ; ಟೀ ಆರಿಹೋಗುತ್ತದೆ. ನನ್ನ ಕೈಹಿಡಿದ ಯಜಮಾನರು ಮೇಷ್ಟ್ರಾಗಿದ್ದರು. ಓದಲು ಬಾರದ ನಾನು ಒಮ್ಮೆ ಅವರಿಗೆ ಬೇರೆ ಬಾಟಲಿಯ ಔಷಧಿ ಕುಡಿಸಿದೆ. ಆವತ್ತು ಬದುಕಿಕೊಂಡರು, ಆಮೇಲೆ ನನಗೆ ಅಕ್ಷರ ಕಲಿಸಿದರು. ಬಾಟಲಿ ಮೇಲಿನ ಔಷಧಿ ಚೀಟಿ ಓದುವುದನ್ನು ನಾಲ್ಕನೇ ತರಗತಿಗೇ ಕಲಿಸಿ ಎಂದು ಈ ಸಾಹೇಬರಿಗೆ ತಾವು ಸಾಯುವವರೆಗೂ ವರ್ಷ ವರ್ಷ ಬರೆದರು. ಉತ್ತರ ಬರಲಿಲ್ಲ. ಕಾಗದಗಳು ರದ್ದಿಗೆ ಹೋಗಿರಬೇಕು ಎಂದುಕೊಂಡಿದ್ದೆ. ನಿನ್ನೆ ಸಾಹೇಬರ ಬೀರು ತೆರೆದಿತ್ತು. ಯಜಮಾನರ ದುಂಡು ಅಕ್ಷರದ ಕಾಗದಗಳೆಲ್ಲ ಒಂದೇ ದಾರದಲ್ಲಿದ್ದವು, ತಿರುವಿ ತಿರುವಿ ಅಂಚು ಸವೆದಿತ್ತು. "ಬನ್ನಿ ಅಮ್ಮಾ, ನಿಮ್ಮ ಮೇಷ್ಟ್ರು ಹೇಳಿದ್ದನ್ನ ಸೇರ್ಸಿದೀನಿ, ಓದಿ" ಎಂದು ಸಾಹೇಬರು ಹೊಸ ಪಟ್ಟಿಯನ್ನು ನನ್ನ ಮುಂದೆ ಹಿಡಿದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಾಲ್ಕನೇ ತರಗತಿಯಲ್ಲೇ ಇತ್ತು. "ಇದಕ್ಕೆ ಸಹಿ ಹಾಕೋದು ಯಾವಾಗ ಸಾರ್?" ಎಂದೆ. "ಪರಿಶೀಲನೆಯಲ್ಲಿದೆ ಅಮ್ಮಾ." ಸಹಿ ಬಿತ್ತೋ ಇಲ್ಲವೋ ನೋಡಲು ಈಗ ಅವರ ಮೇಜನ್ನು ದಿನಕ್ಕೆರಡು ಸಲ ಒರೆಸುತ್ತೇನೆ.