ಹನ್ನೊಂದು ಇಂಜೆಕ್ಷನ್ನಿನ ನಿಶ್ಚಿತಾರ್ಥ

ಕೈರೋದ ಉತ್ತರಕ್ಕಿರುವ ನಮ್ಮ ತಾಂತಾ ಊರಿನಲ್ಲಿ ಮದುವೆ ಕುದುರಿಸುವ ಹೆಂಗಸರಿಗೆ ಬರವಿರಲಿಲ್ಲ. ಆದರೆ ಸುಳ್ಳು ಹೇಳದೆಯೇ ಸುಳ್ಳು ಹೇಳುವ ಕಲೆ ಒಲಿದಿದ್ದು ಬಹೀಗಾಳಿಗೆ ಮಾತ್ರ. ಕೆಲಸವಿಲ್ಲದೆ ದಿನವಿಡೀ ಕಾಫಿ ಅಂಗಡಿಯಲ್ಲಿ ಕೂರುವ ಹುಡುಗನಿಗೆ ಆಕೆಯ ಬಾಯಲ್ಲಿ ‘ಜನಬಳಕೆ ಜಾಸ್ತಿ’. ತಾಯಿಯನ್ನು ಕೇಳದೆ ನೀರನ್ನೂ ಕುಡಿಯದ ಗಂಡಿಗೆ ‘ಮನೆಯವರ ಮೇಲೆ ಜೀವ’. ಮೂವತ್ತೈದು ವರ್ಷದಲ್ಲಿ ಮುನ್ನೂರು ಮದುವೆ ಮಾಡಿಸಿದ್ದಳು. ಅದರಲ್ಲಿ ಎಷ್ಟು ಜೋಡಿ ಸುಖವಾಗಿದೆ ಎಂದು ಯಾರಾದರೂ ಕೆಣಕಿದರೆ, “ನಾನು ಮಾಡ್ಸೋದು ಮದುವೆ. ಸುಖ ಅವರವರೇ ಮಾಡ್ಕೋಬೇಕು” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆಕೆಯದ್ದೊಂದು ಕ್ರಮವಿತ್ತು. ಯಾರು ಏನು ಕೊಡುತ್ತಾರೆ ಎಂಬುದನ್ನು ಎರಡೂ ಕಡೆಯವರು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಚಿನ್ನ, ಮನೆ, ಫ್ರಿಜ್ಜು, ಕಡೆಗೆ ಕಿಟಕಿಯ ಪರದೆ ಕೂಡ. ಆಮೇಲೆ ಎಲ್ಲರೂ ಅಂಗೈ ಎತ್ತಿ ಕುರಾನಿನ ಮೊದಲ ಅಧ್ಯಾಯ ಫಾತಿಹಾ ಓದಬೇಕು. ಓದಿದ ಮೇಲೆ ಮಾತು ತಪ್ಪಿದವನಿಗೆ ತಾಂತಾದಲ್ಲಿ ಹುರಿಗಡಲೆ ಮಾರುವವನೂ ಸಲಾಮು ಹೇಳುವುದಿಲ್ಲ. ಆಕೆ ಕೇಳದೇ ಬಿಡುತ್ತಿದ್ದದ್ದು ಒಬ್ಬಳನ್ನು ಮಾತ್ರ. ಶರಬತ್ತಿನ ತಟ್ಟೆ ಹಿಡಿದು ಬಂದ ಹುಡುಗಿ ತಲೆ ತಗ್ಗಿಸಿ ಸುಮ್ಮನಿದ್ದರೆ ಸಾಕು, “ಒಪ್ಪಿದಳು” ಎಂದು ಬಹೀಗಾ ನಾಲಿಗೆ ಹೊರಳಿಸಿ ಬೀದಿಗೆಲ್ಲ ಕೇಳುವಂತೆ ಮಂಗಳಕೂಗು ಹಾಕಿಬಿಡುತ್ತಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಸ್ವಂತ ಮಗಳು ಇಬ್ತಿಹಾಲಳನ್ನು ಟೈಲ್ಸ್ ಅಂಗಡಿಯ ಶೌಕಿಗೆ ಕೊಟ್ಟಿದ್ದೂ ಹೀಗೆಯೇ. ಅವನ ಜಿಪುಣತನಕ್ಕೆ ಆಗ ಆಕೆ ಇಟ್ಟ ಹೆಸರು ‘ಮುಂದಾಲೋಚನೆ’.

ಇಂಥವಳಿಗೆ ಹೋದ ವರ್ಷ ಎದೆಯಲ್ಲಿ ಗಂಟು ಕಾಣಿಸಿತು. ನಮ್ಮಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತುವುದಿಲ್ಲ, ‘ಆ ಕೆಟ್ಟದ್ದು’ ಎಂದು ಹೇಳಿ ಮುಗಿಸುತ್ತಾರೆ. ಅದರಲ್ಲೂ ಕಾಯಿಲೆ ಬಂದವರ ಮುಂದೆ ಅಷ್ಟನ್ನೂ ಹೇಳುವುದಿಲ್ಲ. ಮನೆಯವರು ಬಹೀಗಾಳಿಗೆ ‘ಗ್ರಂಥಿ ಊದಿದೆ’ ಎಂದರು. ಎಡಗಡೆಯ ಮೊಲೆಯನ್ನೇ ತೆಗೆದಾಗಲೂ ಗ್ರಂಥಿ ಎಂದರು. ಕೂದಲು ಉದುರಿದಾಗ ನಲ್ಲಿ ನೀರು ಸರಿಯಿಲ್ಲ ಎಂದರು. ಬಹೀಗಾಳಿಗೆ ಕಾಯಿಲೆಗಿಂತ ಈ ಸುಳ್ಳುಗಳ ಕಳಪೆ ಕೆಲಸವೇ ಹೆಚ್ಚು ನೋವು ಕೊಟ್ಟಿತು. ಆಸ್ಪತ್ರೆಯ ನರ್ಸಿನ ತಂಗಿಗೆ ಒಂದು ಗಂಡು ತೋರಿಸಿ, ಎರಡೇ ದಿನದಲ್ಲಿ ಎಲ್ಲವನ್ನೂ ತಿಳಿದುಕೊಂಡಳು. ಮೂರು ವಾರಕ್ಕೊಂದರಂತೆ ಹದಿನೇಳು ದುಬಾರಿ ಇಂಜೆಕ್ಷನ್. ಎಲ್ಲ ಮುಗಿಸಿದರೆ ಮತ್ತೆ ಬಾರದೇ ಇರುವ ಸಂಭವ ಹೆಚ್ಚು, ಮಧ್ಯದಲ್ಲಿ ಬಿಟ್ಟರೆ ಡಾಕ್ಟರರೂ ಕೈಚೆಲ್ಲುತ್ತಾರೆ. ವಿಮೆ ಕಚೇರಿಯಲ್ಲಿ ಆಕೆಯ ಕಡತ ಒಂದು ಮೊಹರಿಗಾಗಿ ಕಾಯುತ್ತ ಮಲಗಿತ್ತು. ಮೊದಲ ಆರು ಇಂಜೆಕ್ಷನ್ನಿಗೆ ಆಕೆಯ ಬಳೆಗಳನ್ನೇ ಮಾರಿಸಿದ್ದರು, ಅದನ್ನೂ ಗ್ರಂಥಿಯ ಲೆಕ್ಕದಲ್ಲಿ. ಈಗ ಬಳೆ ಮುಗಿದಿದ್ದವು, ಹನ್ನೊಂದು ಇಂಜೆಕ್ಷನ್ ಉಳಿದಿದ್ದವು.

ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ, ಗಂಡಸರು ಆಕೆಯ ನಡುಮನೆಯಲ್ಲಿ ಸೇರಿದರು. ರೈಲ್ವೆಯಿಂದ ನಿವೃತ್ತನಾದ ತಮ್ಮ ಅಬ್ದುಲ್ ತವ್ವಾಬ್, ಮಗ ರಫಾತ್, ಅಳಿಯ ಶೌಕಿ. ಜೊತೆಗೆ ಒಂದು ದೊಡ್ಡ ತಟ್ಟೆ ಬಸ್ಬೂಸಾ ಬಂದಿತ್ತು. ತಂದವನು ಶೌಕಿ ಎಂದು ಕೇಳಿದಾಗಲೇ ಬಹೀಗಾಳಿಗೆ ಅನುಮಾನ ಬಂತು. ಅವನು ಸುಮ್ಮನೆ ಸಿಹಿ ತರುವ ಪ್ರಾಣಿಯಲ್ಲ. ಅಡುಗೆಮನೆಯಲ್ಲಿ ದ್ರಾಕ್ಷಿ ಎಲೆಗೆ ಅನ್ನ ತುಂಬಿ ಸುತ್ತುತ್ತ ಕಿವಿಯನ್ನು ಆ ಕಡೆ ಇಟ್ಟಳು. ಪಕ್ಕದಲ್ಲಿ ಇಬ್ತಿಹಾಲ್ ಮಾತಿಲ್ಲದೆ ಪಾತ್ರೆ ತೊಳೆಯುತ್ತಿದ್ದಳು.

“ವಾಸಿ ಆಯ್ತು ಅಂದ್ಬಿಡೋಣ,” ತಮ್ಮನ ಪಿಸುಮಾತು ಸ್ಟೇಷನ್ನಿನ ಘೋಷಣೆಯಂತೆ ಕೇಳಿಸಿತು. “ಡಾಕ್ಟರು ಸಾಕು ಅಂದ್ರು ಅಂತ. ಅವಳಿಗೂ ಖುಷಿ, ನಮಗೂ ನೆಮ್ಮದಿ.”

“ಅಮ್ಮಂಗೆ ಗೊತ್ತಾದ್ರೆ?” ರಫಾತ್ ಅಂದ.

“ಪಾಪ, ಅವಳಿಗೇನ್ ಗೊತ್ತಾಗತ್ತೆ. ಅಲ್ಲಿ ನಮ್ಮ ಮನೆತನದ ಗೋರಿ ಕೆಲಸ ಅರ್ಧಕ್ಕೆ ನಿಂತಿದೆ. ಇರೋ ದುಡ್ಡಲ್ಲಿ ಅಮೃತಶಿಲೆ ಹಾಕಿಸ್ಬೇಕು. ನಮ್ಮಮ್ಮನ ಪಕ್ಕದಲ್ಲೇ, ನೆರಳಿರೋ ಕಡೆ ಅಕ್ಕಂಗೆ ಜಾಗ ಇಟ್ಟಿದೀನಿ. ಇನ್ನೇನ್ ಮಾಡ್ಬೇಕು ನಾನು?”

“ಕಲ್ಲು ನಮ್ಮಂಗ್ಡೀಲಿ ಬಂದಿದೆ,” ಶೌಕಿ ನೆನಪಿಸಿದ. “ಮನೆಯವರು ಅಂತ ಸ್ವಲ್ಪ ಬಿಟ್ಟು ಕೊಡ್ತೀನಿ.”

ಬಹೀಗಾ ಕೈ ಒರೆಸಿಕೊಂಡು, ಚಹಾ ತಟ್ಟೆ ಎತ್ತಿಕೊಂಡು ನಡುಮನೆಗೆ ನಡೆದಳು. ಹಿಂದೆಯೇ ಇಬ್ತಿಹಾಲ್ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕಾ, ಶುಭ ಸಮಾಚಾರ,” ತಮ್ಮ ಎದ್ದು ನಿಂತ. “ನಿನ್ನೆ ಡಾಕ್ಟರು ಸಿಕ್ಕಿದ್ರು. ಗ್ರಂಥಿ ಪೂರ್ತಿ ವಾಸಿಯಂತೆ. ಇನ್ನು ಇಂಜೆಕ್ಷನ್ ಬೇಡ್ವಂತೆ.”

“ನಿನ್ನೆ ಗುರುವಾರ. ಗುರುವಾರ ಅವರು ಕೈರೋಲಿರ್ತಾರೆ,” ಅಂದಳು ಬಹೀಗಾ. “ಸುಳ್ಳು ಹೇಳೋಕೆ ಮುಂಚೆ ವಾರ ನೋಡ್ಕೋಬೇಕು ಕಣೋ. ಕೂತ್ಕೋ. ನಂಗಿರೋದು ಗ್ರಂಥಿ ಅಲ್ಲ, ಕ್ಯಾನ್ಸರು.”

ರಫಾತ್ ದೇವರ ಹೆಸರು ಹೇಳಿಕೊಂಡ. ಶೌಕಿ ತನ್ನ ಚಹಾ ಲೋಟವನ್ನು ಸ್ವಲ್ಪ ಆಚೆ ಸರಿಸಿದ, ಹೆಸರು ಹೇಳಿದರೆ ಅಂಟಿಕೊಳ್ಳುತ್ತದೆ ಎನ್ನುವ ಹಾಗೆ.

ಬಹೀಗಾ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಮುನ್ನೂರು ಮದುವೆ ನಿಶ್ಚಯಿಸಿದ ಕುರ್ಚಿ ಅದು. “ಈ ಸಲ ಹೆಣ್ಣು ನಾನು, ಗಂಡು ನನ್ನ ಆಯಸ್ಸು. ಗಂಡಿನ ಕಡೆಯೋರು ಹನ್ನೊಂದು ಇಂಜೆಕ್ಷನ್ ಕೇಳಿದಾರೆ,” ಎಂದಳು. “ಒಂದು ಕಡಿಮೆ ಆದ್ರೂ ಸಂಬಂಧ ಬೇಡ ಅಂತಾರೆ. ಅಳಿಯಂದಿರೇ, ನಿಮ್ಮ ಉದಾರತನ ಬೀದಿಗೆಲ್ಲ ಗೊತ್ತು. ಮೊದ್ಲು ನೀವೇ ಹೇಳಿ. ಕಿಟಕಿ ತೆಗ್ದಿದೆ, ಪಕ್ಕದ್ಮನೆ ಉಮ್ಮು ಅಶ್ರಫ್ ಬಟ್ಟೆ ಒಣಗ್ಹಾಕ್ತಿದಾಳೆ, ಅವಳಿಗೂ ಕೇಳ್ಲಿ.”

ಜಿಪುಣನನ್ನೇ ಮೊದಲು ಕೇಳಬೇಕು, ಅದೂ ಹೊಗಳಿ ಕೇಳಬೇಕು ಎನ್ನುವುದು ಆಕೆಯ ಕಸುಬಿನ ಗುಟ್ಟು. ಶೌಕಿ ಕಿಟಕಿ ನೋಡಿದ, ಹೆಂಡತಿಯನ್ನು ನೋಡಿದ, ಮೂರು ಎಂದ. ಅಳಿಯನಿಗಿಂತ ಕಡಿಮೆ ಹೇಳಲು ಮಗನಿಗೆ ಮುಖವೆಲ್ಲಿದೆ? ರಫಾತ್ ನಾಲ್ಕು ಎಂದ.

“ಉಳಿದಿದ್ದು ನಾಲ್ಕು,” ಬಹೀಗಾ ತಮ್ಮನ ಕಡೆ ತಿರುಗಿದಳು. “ಅಮೃತಶಿಲೆ ಬೇಡ್ವೋ, ಸಿಮೆಂಟೇ ಸಾಕು. ಒಳಗಿರೋರ್ಯಾರೂ ಎದ್ದ್ಬಂದು ನೋಡಲ್ಲ.”

“ಜನ ಏನಂತಾರೆ ಅಕ್ಕಾ?”

“ನನ್ನ ಗೋರಿಗಿಂತ ಮುಂಚೆ ನನ್ನ ನೋಡಿ ಹೋಗ್ಲಿ ಜನ. ಚಹಾ ಕೊಡ್ತೀನಿ.”

ಅಬ್ದುಲ್ ತವ್ವಾಬ್ ನಾಲ್ಕು ಒಪ್ಪಿಕೊಂಡ. ಬಹೀಗಾ ಅಂಗೈ ಎತ್ತಿದಳು. ಮೂವರೂ ಎತ್ತಲೇಬೇಕಾಯಿತು. ಫಾತಿಹಾ ಓದಿ ಮುಖ ಸವರಿಕೊಂಡಾಗ ಮೂರೂ ಮುಖ ಜೇಬು ಕತ್ತರಿಸಿಕೊಂಡವರ ಹಾಗಿದ್ದವು. ಇಷ್ಟು ಅಚ್ಚುಕಟ್ಟಾದ ನಿಶ್ಚಯವನ್ನು ಬಹೀಗಾ ಎಷ್ಟೋ ವರ್ಷದಿಂದ ಮಾಡಿರಲಿಲ್ಲ. ಮಂಗಳಕೂಗಿಗೆ ನಾಲಿಗೆ ಎತ್ತಿದಳು.

“ತಡಿ ಅಮ್ಮಾ,” ಬಾಗಿಲಿನಿಂದ ಇಬ್ತಿಹಾಲ್ ಅಂದಳು. “ಎಲ್ಲರನ್ನೂ ಕೇಳಿದ್ದಾಯ್ತು. ನಿನ್ನ ಯಾರೂ ಕೇಳ್ಲಿಲ್ಲ. ನಿಂಗೆ ಬೇಕಾ ಇದು?”

ಬಹೀಗಾಳ ನಾಲಿಗೆ ಹಾಗೇ ನಿಂತಿತು. ಬೇಕೇ? ಆಕೆ ಜಗಳ ಹೂಡಿದ್ದು ಇವರು ಕೆಟ್ಟದಾಗಿ ಸುಳ್ಳು ಹೇಳಿದರೆಂಬ ಸಿಟ್ಟಿಗೆ, ವ್ಯವಹಾರದಲ್ಲಿ ಸೋಲಬಾರದೆಂಬ ಚಟಕ್ಕೆ. ಆದರೆ ಪ್ರತಿ ಇಂಜೆಕ್ಷನ್ನಿನ ಮರುದಿನ ಮೈ ನಡುಗುತ್ತಿತ್ತು, ಸಾರಿನ ವಾಸನೆ ಕೂಡ ಸೇರುತ್ತಿರಲಿಲ್ಲ. ಇನ್ನು ಹನ್ನೊಂದು ಸಲ. ಅಷ್ಟಾದ ಮೇಲೂ ಅದು ಮರಳಿ ಬಂದರೆ, ತಮ್ಮನ ಅಮೃತಶಿಲೆ ನುಂಗಿ ಸತ್ತವಳು ಎಂಬ ಹೆಸರೊಂದು ಉಳಿಯುತ್ತದೆ. ಕಳೆದ ವಾರವಿಡೀ ಸಾಕು ಮಾಡೋಣ ಎಂದುಕೊಂಡವಳು ಆಕೆಯೇ. ಬಹೀಗಾ ತುಂಬ ಹೆದರಿದ್ದಳು, ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ಕೂತಳು.

“ಸುಮ್ನಿದಾರೆ ಅಂದ್ರೆ ಒಪ್ಪಿದಾರೆ ಅಂತ ತಾನೇ,” ಎಂದು ಶೌಕಿ ಬಸ್ಬೂಸಾದ ದೊಡ್ಡ ತುಂಡೊಂದನ್ನು ಎತ್ತಿಕೊಂಡ.

“ಅಲ್ಲ,” ಅಂದಳು ಇಬ್ತಿಹಾಲ್. “ಅವತ್ತು ನಾನೂ ಸುಮ್ನಿದ್ದೆ. ಬಾಯ್ಬಿಟ್ಟು ಹೇಳಮ್ಮಾ.”

ಬಹೀಗಾ ತಲೆ ಎತ್ತಿ ಮಗಳನ್ನು ನೋಡಿದಳು. ಹತ್ತೊಂಬತ್ತು ವರ್ಷದ ಹಿಂದೆ ಅದೇ ಬಾಗಿಲಲ್ಲಿ ಶರಬತ್ತಿನ ತಟ್ಟೆ ಹಿಡಿದು ನಿಂತವಳ ಮುಖವನ್ನು ಆಕೆ ನೋಡಿಯೇ ಇರಲಿಲ್ಲ.

“ಭಯ ಆಗತ್ತೆ ಕಣೇ.”

“ಗೊತ್ತು. ನಾನು ಕೇಳಿದ್ದು ಅದಲ್ಲ.”

“ಬೇಕು,” ಅಂದಳು ಬಹೀಗಾ. ಆಕೆಯ ದನಿ ಅಷ್ಟು ಸಣ್ಣದಾಗಿದ್ದನ್ನು ಆ ಮನೆ ಕೇಳಿರಲಿಲ್ಲ. “ನಂಗಿನ್ನೂ ಬದುಕ್ಬೇಕು.” ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ಕೇಳಿದಳು, “ಅವತ್ತು ನಾನು ನಿನ್ನ ಕೇಳಿದ್ದಿದ್ರೆ, ನೀನೇನ್ ಹೇಳ್ತಿದ್ದೆ?”

ಇಬ್ತಿಹಾಲ್ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡಳು.

“ಹನ್ನೊಂದೂ ಮುಗೀಲಿ ಅಮ್ಮಾ,” ಅಂದಳು. “ಆಮೇಲೆ ಹೇಳ್ತೀನಿ.”

ಶೌಕಿ ಕೈಯಲ್ಲಿದ್ದ ಬಸ್ಬೂಸಾವನ್ನು ತಟ್ಟೆಗೆ ವಾಪಸ್ಸಿಟ್ಟ.