ತೋಕುಜಿಯ ನೆತ್ತಿ

ತೋಕುಜಿಯ ಮುಖ ನೋಡಿ ಗುರುತು ಹಿಡಿದ ಹೊರಗಿನವರನ್ನು ನಾನಂತೂ ಕಂಡಿಲ್ಲ. ಆದರೆ ನಮ್ಮ ಅಮಾಗಾಸಾಕಿಯ ಅಂಗಡಿಬೀದಿಯಲ್ಲಿ ಆತ ಬೂಟಿನ ದಾರ ಕಟ್ಟಲು ಬಗ್ಗಿದರೆ ಸಾಕು, ದಾರಿಹೋಕರು ನಿಂತುಬಿಡುತ್ತಿದ್ದರು. "ಅಯ್ಯೋ, ಇವರು ಅವರೇ ಅಲ್ವಾ?"

ಎಲ್ಲ ಅವನ ನೆತ್ತಿಯ ಮಹಿಮೆ. ತನ್ನ ಒಣಮೀನಿನ ಅಂಗಡಿ ಮುಚ್ಚಿದ ಮೇಲೆ ತೋಕುಜಿ ಫೋಟೋ ಮಾರುವ ಒಂದು ಜಾಲತಾಣಕ್ಕೆ ತನ್ನ ಚಿತ್ರ ತೆಗೆಸಿ ಕೊಡತೊಡಗಿದ. ಕಪ್ಪು ಸೂಟು ತೊಟ್ಟು, ಮೈಕುಗಳ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳುವ ಕಂಪನಿ ಯಜಮಾನನ ಚಿತ್ರ. ನಮ್ಮಲ್ಲಿ ರೈಲು ತಡವಾದರೂ, ಬಿಸ್ಕತ್ತಿನಲ್ಲಿ ಕೂದಲು ಸಿಕ್ಕರೂ ಯಾರಾದರೂ ಬಗ್ಗಲೇಬೇಕು. ಆ ಸುದ್ದಿಯ ಪಕ್ಕದಲ್ಲಿ ಹಾಕಲು ಪತ್ರಿಕೆಯವರಿಗೆ ಬಗ್ಗಿದ ತಲೆಯೊಂದು ಬೇಕು. ದೇಶದ ಅರ್ಧ ತಪ್ಪುಗಳಿಗೆ ಬಗ್ಗಿದ್ದು ತೋಕುಜಿಯ ತಲೆಯೇ.

"ತಲೆ ಎತ್ತೋಕೆ ಅವಸರ ಮಾಡಬಾರ್ದು. ಇಷ್ಟು ಬೇಗ ಮರ್ಯಾದೆ ವಾಪಸ್ ಬಂತಾ ಅಂತಾರೆ ಜನ," ಎನ್ನುತ್ತಿದ್ದ.

ನಾನು ಅವನ ಕ್ಷೌರಿಕ. ಆ ನೆತ್ತಿಯ ಎರಡು ಸುಳಿಗಳನ್ನೂ ನಡುವಿನ ಬೋಳು ಜಾಗವನ್ನೂ ಇಷ್ಟು ವರ್ಷ ಕಾಪಾಡಿಕೊಂಡು ಬಂದವನು. ಆದ್ದರಿಂದ ಈ ಕತೆ ಹೇಳುವ ಹಕ್ಕು ನನ್ನದೇ.

ಆಮೇಲೆ ಎಐ ಬಂತು. ಆ ಜಾಲತಾಣದ ತುಂಬ ಕಂಪ್ಯೂಟರ್ ಹುಟ್ಟಿಸಿದ ಜನ ಬಗ್ಗತೊಡಗಿದರು. ಎಲ್ಲರಿಗೂ ತೋಕುಜಿಯದೇ ನೆತ್ತಿ, ಎರಡೆರಡು ಸುಳಿ. ಕದ್ದವರಿಗೆ ನಾಚಿಕೆಯೇ ಇರಲಿಲ್ಲ. ಒಬ್ಬ ಬಗ್ಗಿದ್ದರೂ ಅವನ ಟೈ ಮಾತ್ರ ಮೇಲಕ್ಕೆ ನೇತಾಡುತ್ತಿತ್ತು. ಎಐ ಎಂದು ಯಾವ ಚಿತ್ರದ ಮೇಲೂ ಬರೆದಿರಲಿಲ್ಲ. ಕೊಂಡವರು ದೂರು ಕೊಟ್ಟಾಗ ಜಾಲತಾಣದವರು ತನಿಖೆ ನಡೆಸಿ ಒಬ್ಬನೇ ಒಬ್ಬ ಕಳ್ಳನನ್ನು ಹಿಡಿದರು. ತೋಕುಜಿಯನ್ನು. ಸಾವಿರ ಎಐ ಚಿತ್ರಗಳನ್ನು ಹೋಲುವ ನಿಮ್ಮ ಚಿತ್ರಗಳೂ ಎಐ ರಚಿಸಿದವೇ, ಅದನ್ನು ಮುಚ್ಚಿಟ್ಟು ಮಾರಿದ್ದೀರಿ, ಇನ್ನು ನಿಮ್ಮ ಚಿತ್ರ ಬೇಡ ಎಂದು ತಿಳಿಸಿದರು.

ತೋಕುಜಿ ಊಟ ಬಿಟ್ಟ. ನನ್ನ ಅಂಗಡಿಯ ಕುರ್ಚಿಯಲ್ಲಿ ಕುಳಿತು ಕನ್ನಡಿ ನೋಡುತ್ತಾ, "ಮೋಸಗಾರ ಅಂದಿದ್ರೂ ತಡ್ಕೋತಿದ್ದೆ. ನಾನು ಇಲ್ಲವೇ ಇಲ್ಲ ಅಂತಾರಲ್ಲಪ್ಪಾ!" ಎಂದ. ಒಸಾಕಾಗೆ ಹೋಗಿ, ಜಾಲತಾಣದ ಕಚೇರಿಯವರ ಎದುರೇ ನಿಂತು ನೀನು ಇರುವುದನ್ನು ತೋರಿಸಿ ಬರೋಣ ಎಂದೆ ನಾನು.

ಹೊರಟ ದಿನವೇ, ನನ್ನ ಅಂಗಡಿಯ ಅರ್ಧ ಎಳೆದ ಶಟರ್ ಅವನ ನೆತ್ತಿಗೆ ಬಡಿಯಿತು. ಅವನ ಹೆಂಡತಿ ಮಿತ್ಸುಯೋ ಮೊಮ್ಮಗಳ ಡಬ್ಬಿಯಿಂದ ಕರಡಿ ಚಿತ್ರದ ಗಾಯದ ಪಟ್ಟಿ ತಂದು ಬೋಳು ಜಾಗಕ್ಕೆ ಅಂಟಿಸಿದಳು.

"ರೀ, ಅಲ್ಲಿ ಹೋಗಿ ಬಗ್ಗಿಗಿಗ್ಗೀರಿ ಮತ್ತೆ! ಬಗ್ಗಿದ್ರೆ ತಪ್ಪು ಒಪ್ಕೊಂಡ ಹಾಗೆ. ನೆಟ್ಟಗೆ ನಿಂತು ಮಾತಾಡಿ."

"ಹ್ಞೂಂ ಕಣೆ."

"ಇವರ ಹ್ಞೂಂ ನನಗೆ ಗೊತ್ತಿಲ್ವಾ? ನೀವು ಇವರ ಕಾಲರ್ ಬಿಡಬೇಡಿ," ಎಂದಳು ನನಗೆ.

ಹೀಗೆ ನಾನು ಕಾಲರ್ ಹಿಡಿದೇ ಒಸಾಕಾದ ಕಚೇರಿಗೆ ಹೋದೆ. ಅಲ್ಲಿನ ವಿಭಾಗದ ಮುಖ್ಯಸ್ಥ ಓಗಿನೋ, ಎಳೆಯ ವಯಸ್ಸಿನವನು, ತೋಕುಜಿಯ ಮುಖವನ್ನೂ ಪರದೆಯನ್ನೂ ನೋಡಿದ.

"ಈ ಮುಖ ನಮ್ಮಲ್ಲಿ ಇಲ್ವಲ್ಲ ಸರ್."

"ಮುಖ ಎಲ್ಲಿಂದ ಬರತ್ತೆ ಸ್ವಾಮಿ? ಇವರು ಬಗ್ಗೋರು!" ಎಂದೆ ನಾನು.

"ಹಾಗಾದ್ರೆ ಒಂದ್ಸಲ ಬಗ್ಗಿ ತೋರಿಸ್ಲಿ."

"ಆಗಲ್ಲ," ಎಂದ ತೋಕುಜಿ.

"ಯಾಕೆ?"

"ಮನೇಲಿ ಬೇಡ ಅಂದಿದ್ದಾರೆ."

ಓಗಿನೋ ಒಳ್ಳೆಯ ಹುಡುಗನೇ ಇರಬೇಕು. ಬೂಟು ಕಳಚಿ ಕುರ್ಚಿ ಹತ್ತಿದ, ಮೇಲಿನಿಂದ ತೋಕುಜಿಯ ನೆತ್ತಿಯನ್ನು ಇಣುಕಿದ.

"ಕರಡಿ ಕಾಣಿಸ್ತಿದೆ ಸರ್. ಫೋಟೋದಲ್ಲಿ ಕರಡಿ ಇಲ್ಲ."

ನಾನು ಕೆಟ್ಟ ಮಾತಿನಲ್ಲಿ ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಓಗಿನೋ, ಹಿರಿಯರಿಗೆ ತೊಂದರೆ ಕೊಟ್ಟೆನೆಂದು, ಕುರ್ಚಿಯ ಮೇಲಿಂದಲೇ ಕ್ಷಮೆ ಕೇಳಿದ. ಕೋಳಿ ಕಾಳು ಹೆಕ್ಕಿದ ಹಾಗೆ ಬರೀ ಕುತ್ತಿಗೆ ಕುಕ್ಕಿದ.

ಅದನ್ನು ತೋಕುಜಿಗೆ ಸಹಿಸಲಾಗಲಿಲ್ಲ. "ಕ್ಷಮೆ ಕೇಳೋದು ಹೀಗಲ್ಲಪ್ಪಾ, ಇಲ್ಲಿ ನೋಡು!" ಎಂದು ಕೈಗಳನ್ನು ತೊಡೆಗೆ ಒತ್ತಿ, ಬೆನ್ನು ಹಲಗೆಯಂತೆ ಇಟ್ಟು ಬಗ್ಗಿಯೇಬಿಟ್ಟ. ಕಾಲರ್ ನನ್ನ ಕೈ ಜಾರಿತು.

ಕಚೇರಿಗೆ ಕಚೇರಿಯೇ ಎದ್ದು ನಿಂತಿತು. "ಇವರೇ! ಇವರೇ ಅವರು!" ಎಂದು ಕೂಗಿದರು, ಫೋನು ಎತ್ತಿ ಫೋಟೋ ಹೊಡೆದರು. ತೋಕುಜಿ ತಲೆ ಎತ್ತಲು ಅವಸರ ಮಾಡಲಿಲ್ಲ. ನನ್ನ ಕಣ್ಣು ತುಂಬಿ ಬಂತು. ತಪ್ಪು ತಮ್ಮದೇ, ಎಲ್ಲ ಸರಿಮಾಡುತ್ತೇವೆ ಎಂದು ಓಗಿನೋ ಹೇಳಿ, ಕೆಳಗಿನ ಬಾಗಿಲತನಕ ಬಂದು ಬೀಳ್ಕೊಟ್ಟ.

ಮುಂದಿನ ವಾರ ಜಾಲತಾಣದಲ್ಲಿ ಬಹಿರಂಗ ಕ್ಷಮಾಪಣೆ ಬಂತು. ಎಐ ಚಿತ್ರಗಳನ್ನು ಹಾಗೆಂದು ತಿಳಿಸದೆ ಮಾರಿದ್ದಕ್ಕೆ ವಿಷಾದಿಸುತ್ತೇವೆ, ಇನ್ನು ಪ್ರತಿಯೊಂದಕ್ಕೂ ಗುರುತು ಹಾಕುತ್ತೇವೆ ಎಂದಿದ್ದರು. ಮೇಲೆ ಒಂದು ಚಿತ್ರ. ಬಗ್ಗಿದ ತಲೆ, ಎರಡು ಸುಳಿ, ನಡುವೆ ಕರಡಿ. ಅದರ ಮೂಲೆಯಲ್ಲಿ ಸಣ್ಣ ಅಕ್ಷರ: ಎಐ ರಚಿತ.

ನಾವು ಉಳಿದ ಚಿತ್ರಗಳನ್ನೂ ಜಾಲಾಡಿದೆವು. ಆ ಗುರುತು ಬೇರೆ ಯಾವುದರ ಮೇಲೂ ಇರಲಿಲ್ಲ. ಮೇಲಕ್ಕೆ ಟೈ ನೇತಾಡುವವನು ಇನ್ನೂ ಅಸಲಿ ಮನುಷ್ಯನಾಗಿಯೇ ಮಾರಾಟಕ್ಕಿದ್ದ.

"ಈ ಕರಡಿ ಅಂಟಿಸಿದ್ದು ನಾನು! ಹಾಗಾದ್ರೆ ನಾನೂ ಎಐನಾ?" ಎಂದು ಮಿತ್ಸುಯೋ ಕೆಂಡವಾದಳು.

ತೋಕುಜಿ ತನ್ನದೇ ನೆತ್ತಿಯನ್ನು ಬಹಳ ಹೊತ್ತು ನೋಡಿ, "ಬಗ್ಗಿದ್ದು ಚೆನ್ನಾಗೇ ಇದೆ," ಎಂದ. ಆಮೇಲೆ ಮೆಲ್ಲಗೆ, "ನಾನೇ ಅಲ್ವೇನೆ ಅದು?" ಎಂದು ಕೇಳಿದ. ಅವನು ನಿಜವಾಗಿಯೂ ಕೇಳುತ್ತಿದ್ದ.

ಮಿತ್ಸುಯೋ ಹಿಂದಿನಿಂದ ಬಂದು, ಅವನ ನೆತ್ತಿಯಲ್ಲಿ ಇನ್ನೂ ಇದ್ದ ಆ ಪಟ್ಟಿಯ ಮೇಲೆಯೇ ಫಟ್ ಎಂದು ಒಂದು ಬಾರಿಸಿದಳು.

"ಅಯ್ಯೋ! ನೋವಾಗತ್ತೆ ಕಣೆ!"

"ನೋವಾಯ್ತಾ? ಸರಿ ಹಾಗಾದ್ರೆ, ಇದ್ದೀರಿ," ಎಂದು ಹೇಳಿ ಅವಳು ಅನ್ನಕ್ಕಿಡಲು ಒಳಗೆ ಹೋದಳು.