ಸಾತವ್ವನ ಉಗುರು

ಸೊಲ್ಲಾಪುರದ ಆ ಗಲ್ಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೇನು ಬರವಿಲ್ಲ. ಆದರೆ ಸಾತವ್ವನ ಕೈ ಓಡಿದಂತೆ ಇನ್ನೊಬ್ಬರ ಕೈ ಓಡುತ್ತಿರಲಿಲ್ಲ. ತಡವಳ ಎಂಬ ಹಳ್ಳಿಯಿಂದ ಸೊಸೆಯಾಗಿ ಬಂದವಳು, ಇಪ್ಪತ್ತೈದು ವರ್ಷ ಬೀಡಿಯ ಮೊರವನ್ನು ತೊಡೆಯಿಂದ ಇಳಿಸಲಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟು, ಅದರ ತುದಿಯಿಂದಲೇ ಬೀಡಿಯ ಬಾಯಿ ಮಡಚುತ್ತಿದ್ದಳು. ಅದೇ ಉಗುರಿಗೆ ಇನ್ನೊಂದು ಕೆಲಸವೂ ಇತ್ತು: ಹರೆಯದ ಹುಡುಗಿಯರ ಮೊಡವೆಗಳನ್ನು ಹಿಂಡಿ ತೆಗೆಯುವುದು. "ಸಾತವ್ವಕ್ಕಾ, ಇದೊಂದ ಗುಳ್ಳಿ ತಗೀರಿ" ಎಂದು ಮುಖ ಒಡ್ಡಿಕೊಂಡು ಬರುತ್ತಿದ್ದರು. ಆಕೆಗೂ ಅದೊಂದು ಹೆಮ್ಮೆ. ಹೆಮ್ಮೆ ಪಡಲಿಕ್ಕೆ ಆ ಮನೆಯಲ್ಲಿ ಬೇರೇನಿತ್ತು ಹೇಳಿ!

ಅವರೆಲ್ಲ ಬಂದು ಹೋಗುವವರು. ಮನೆಯಲ್ಲೇ ಸಿಕ್ಕಿಬಿದ್ದವಳು ಹಿರಿಯ ಮಗಳು ಶುಭಾಂಗಿ. ಹದಿನಾಲ್ಕಕ್ಕೆ ಆಕೆಯ ಕೆನ್ನೆ ತುಂಬ ಮೊಡವೆ ಎದ್ದವು. ದಿನಾ ಸಂಜೆ ಸಾತವ್ವ ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು ಕೂರುತ್ತಿದ್ದಳು. ತಂಬಾಕಿನ ಪುಡಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. ಹುಡುಗಿ ಚೀರಿದರೆ, "ಸುಮ್ಕ ಮಲಕೋ, ಹೊಲಸ ಒಳಗ ಉಳದ್ರ ಮಾರಿ ಕೆಡತೈತಿ" ಎಂದು ಗದರುತ್ತಿದ್ದಳು. ಹಿಂಡಿದ ಜಾಗ ಹುಣ್ಣಾಯಿತು, ಹುಣ್ಣು ಒಣಗಿ ಕುಳಿಯಾಯಿತು. ವರ್ಷಗಟ್ಟಲೆ ನಡೆಯಿತು ಈ ಉಪಚಾರ. ಅಯ್ಯೋ, ಪ್ರೀತಿಯಿಂದಲೇ ಮಾಡಿದಳು. ಅದೇ ಸಂಕಟ.

ಈಗ ಶುಭಾಂಗಿಗೆ ಇಪ್ಪತ್ತಮೂರು. ಅಕ್ಕಲಕೋಟೆಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಬಸ್ಸಿನಲ್ಲಿ ಹೋಗುವ ಹುಡುಗಿಯರೆಲ್ಲ ಬಿಸಿಲಿಗೆ ಮುಖಕ್ಕೆ ಸ್ಕಾರ್ಫ್ ಸುತ್ತುತ್ತಾರೆ. ಇವಳು ಕಚೇರಿಯೊಳಗೂ ಬಿಚ್ಚುತ್ತಿರಲಿಲ್ಲ. ಹೊಸ ಮೊಡವೆಗಳು ಇನ್ನೂ ಏಳುತ್ತಲೇ ಇದ್ದವು. ಕೊನೆಗೆ ಸಾತವ್ವನೇ ಹಟ ಹಿಡಿದು ಚರ್ಮದ ಡಾಕ್ಟರ್ ವರದಾ ಅವರ ಬಳಿ ಕರೆದೊಯ್ದಳು. ಮಗಳ ಮುಖ ಮೊದಲಿನಂತಾಗಬೇಕು, ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಡಾಕ್ಟರು ದೀಪ ಹಿಡಿದು ನೋಡಿದರು. "ಇವನ್ನ ಯಾರ ಹಿಂಡ್ಯಾರ?"

ಸಾತವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾನೇ ರೀ" ಎಂದಳು ಶುಭಾಂಗಿ, ತಾಯಿಯತ್ತ ನೋಡದೆ.

ಡಾಕ್ಟರು ಎರಡು ಟ್ಯೂಬು ಬರೆದುಕೊಟ್ಟರು. ಮಲಗುವ ಮುಂಚೆ ಮುಖ ತೊಳೆದು, ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಕ್ರೀಮನ್ನು ಮುಖಕ್ಕೆಲ್ಲ ತೆಳ್ಳಗೆ ಹಚ್ಚಬೇಕು. ಹಗಲು ಬಿಸಿಲು ತಡೆಯುವ ಕ್ರೀಮು. "ಮೊದಲ ಸ್ವಲ್ಪ ಉರಿತೈತಿ, ಸಿಪ್ಪಿ ಏಳತೈತಿ. ಹೆದರಿ ಬಿಡಬ್ಯಾಡ, ಮೂರ ತಿಂಗಳರೆ ಬೇಕು. ಹೊಸಾ ಗುಳ್ಳಿ ನಿಂತ್ರ ಹೊಸಾ ಡಾಗ, ಕಲೆ ಬೀಳಂಗಿಲ್ಲ. ಕಪ್ಪು ಡಾಗ ತಿಳಿ ಆಗತಾವ."

"ಈ ಕುಣಿ ತುಂಬತಾವಲ್ರಿ, ಮ್ಯಾಡಮ್?" ಸಾತವ್ವ ಕೇಳಿದಳು.

"ಇಷ್ಟ ಆಳದ್ದು ಕ್ರೀಮಿಗೆ ತುಂಬಂಗಿಲ್ಲ, ಮಾವಶಿ. ಬ್ಯಾರೆ ಟ್ರೀಟ್‌ಮೆಂಟ್ ಅದಾವ. ಅವೂ ಪೂರಾ ಅಳಸಂಗಿಲ್ಲ."

ಆಟೋದಲ್ಲಿ ಸಾತವ್ವನಿಗೆ ತಡೆಯಲಾಗಲಿಲ್ಲ. "ಡಾಕ್ಟರ ಮುಂದ ಸುಳ್ಳ ಯಾಕ ಹೇಳಿದಿ?"

"ಖರೇ ಹೇಳಿದ್ರ ತುಂಬತಿದ್ದುವೇನ?"

ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಮಗಳು ಎರಡು ಮಾತು ಬೈದಿದ್ದರೆ ಸಾತವ್ವ ಅವತ್ತು ಒಂದು ತುತ್ತಾದರೂ ಉಣ್ಣುತ್ತಿದ್ದಳು.

ಮನೆಗೆ ಬಂದವಳೇ ಉಗುರು ಕತ್ತರಿಸಿ ಒಗೆದಳು. ತಗಡಿನ ಚೂರಿನಿಂದ ಬೀಡಿಯ ಬಾಯಿ ಮಡಚಲು ಹೋದರೆ ಕೈ ತಡವರಿಸುತ್ತಿತ್ತು, ಎಲೆ ಹರಿಯುತ್ತಿತ್ತು. ಶುಭಾಂಗಿ ಅದನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ. ಕ್ರೀಮು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಮುಖ ಕೆಂಪಾಯಿತು, ಸಿಪ್ಪೆ ಎದ್ದಿತು, ಸಹಿಸಿಕೊಂಡಳು. ನಾಲ್ಕನೆಯ ತಿಂಗಳಿಗೆ ಹೊಸ ಮೊಡವೆ ನಿಂತವು, ಕಪ್ಪು ತಿಳಿಯಾಯಿತು. ಕುಳಿಗಳು ಇದ್ದಲ್ಲೇ ಇದ್ದವು. ಸ್ಕಾರ್ಫೂ ಇತ್ತು.

ಮೊನ್ನೆ ಭಾನುವಾರ ಕಿರಿಯ ಮಗಳು ಕಾಜಲ, ಹದಿಮೂರರ ಹುಡುಗಿ, ತಾಯಿಯ ಮುಂದೆ ಬಂದು ಕೂತು ಹಣೆ ಒಡ್ಡಿದಳು. "ಅವ್ವಾ, ನಂಗೂ ಗುಳ್ಳಿ ಎದ್ದೈತಿ. ತಗಿ."

ಸಾತವ್ವ ಒಲ್ಲೆ ಎನ್ನುವವಳೇ ಇದ್ದಳು, ದೇವರಾಣೆಗೂ. ಅಷ್ಟರಲ್ಲಿ ಅಡುಗೆಮನೆಯಿಂದ ಓಡಿ ಬಂದ ಶುಭಾಂಗಿ ತಂಗಿಯ ತೋಳು ಹಿಡಿದು ದರದರ ಎಳೆದಳು. "ಅವ್ವನ ಕೈಯಾಗ ಮಾರಿ ಕೊಡಬ್ಯಾಡ! ನಾಳಿ ಡಾಕ್ಟರ ಕಡೆ ನಾ ಕರಕೊಂಡ ಹೋಗತೀನಿ."

"ಯಾಕಕ್ಕಾ? ಅವ್ವ ಚಲೋ ತಗೀತಾಳ."

ಶುಭಾಂಗಿ ತಂಗಿಯ ಬೆರಳನ್ನು ಹಿಡಿದು ತನ್ನ ಕೆನ್ನೆಯ ಕುಳಿಯಲ್ಲಿ ಇಟ್ಟಳು. "ಮುಟ್ಟಿ ನೋಡ."

ಕಾಜಲ ಮುಟ್ಟಿದಳು. ತಾಯಿಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಹೋಗಿ ಅಕ್ಕನ ಬೆನ್ನ ಹಿಂದೆ ನಿಂತುಕೊಂಡಳು.